ಖಾಲಿ ತೂಕ

ಮಾಲೂರಿನ ವೇಬ್ರಿಡ್ಜಿನಲ್ಲಿ ಮೂವತ್ತಾರು ವರ್ಷ
ಗಾಜಿನ ಹಿಂದೆ ಕೂತು ಬೇರೆಯವರ ಲಾರಿ ತೂಗಿದೆ.
ಹೆಂಚು, ಇಟ್ಟಿಗೆ, ನೀಲಗಿರಿ ಸೌದೆ,
ಒಮ್ಮೆ ಒಂದು ಸರ್ಕಸ್ಸಿನ ಆನೆ;
ಅದು ಕಾಲು ಬದಲಿಸಿದಾಗಲೆಲ್ಲ
ಕಾಟಾದ ಮುಳ್ಳಿಗೆ ದಿಕ್ಕು ತಪ್ಪುತ್ತಿತ್ತು.
"ಇಳಿಯಪ್ಪಾ ಡ್ರೈವರ್, ನಿನ್ನ ಹೊಟ್ಟೆಗೂ ಬಿಲ್ ಹಾಕ್ಲಾ?"
ನನ್ನ ಹತ್ತಿರ ಇದ್ದದ್ದು ಇದೊಂದೇ ಜೋಕು.
ಸರ್ವೀಸು ಮುಗಿಯುವವರೆಗೂ ಬಂತು.

ರಿಟೈರಾದ ಮೂರನೇ ತಿಂಗಳು
ಲಕ್ಕೂರಿನ ಹತ್ತಿರ, ಮುಚ್ಚಿದ ಹೆಂಚಿನ ಕಾರ್ಖಾನೆಯ ಹಿಂದೆ
ಕಂಡಿತು: ಮೂತಿ ಲಾರಿ. ಫಾರ್ಗೋ.
ಬಾನೆಟ್ಟಿನೊಳಗೆ ಕೋಳಿ ಕಾವಿಗೆ ಕೂತಿತ್ತು.
ರೇಟಿಗೆ ಮಾಲೀಕ ಹೆಚ್ಚು ಎಳೆದಾಡಲಿಲ್ಲ.
"ಮರಿ ಆಗಲಿ, ಆಮೇಲೆ ತಗೊಂಡು ಹೋಗಿ" ಅಂದ.
ಕಾದೆ.

ಇನ್ನು ದುಡ್ಡಿನ ಮಾತು.
ನಮ್ಮ ತಾರಸಿಯ ನಾಲ್ಕು ಮೂಲೆಗೂ ಕಂಬಿಗಳು ನಿಂತಿವೆ,
ಮೇಲೊಂದು ಮಹಡಿ ಬರುತ್ತದೆಂದು, ಹತ್ತೊಂಬತ್ತು ವರ್ಷದಿಂದ.
ಆ ಮಹಡಿ ಈಗ ಲಾರಿಯೊಳಗಿದೆ.
ಮೆಟ್ಟಿಲು ಪಿಸ್ಟನ್ನಿಗೆ ಹೋಯಿತು, ಕಿಟಕಿ ರೇಡಿಯೇಟರಿಗೆ,
ಬಚ್ಚಲುಮನೆ ಮಾರಿದರೂ ಆರು ಟೈರಿಗೆ ಸಾಲದೆ
ನಡುಮನೆಯಲ್ಲೂ ಅರ್ಧ ಕಿತ್ತುಕೊಟ್ಟೆ.
ಜಾಕಿ ಜಾರಿದ ದಿನ ಎಡಗೈಯ ಒಂದು ಉಗುರು. ಅದು ಲೆಕ್ಕಕ್ಕಿಲ್ಲ.

ಸುಬ್ಬರತ್ನ ಆ ಕಂಬಿಗಳಿಗೆ ಹಗ್ಗ ಕಟ್ಟಿ
ಸೀರೆ ಒಣಹಾಕುತ್ತಾಳೆ. ಏನೂ ಅನ್ನುವುದಿಲ್ಲ.
ಅವಳು ಅನ್ನದೆ ಬಿಟ್ಟದ್ದನ್ನು ತೂಗುವ ಕಾಟಾ
ನನ್ನ ಇಡೀ ಸರ್ವೀಸಿನಲ್ಲಿ ಕಂಡಿಲ್ಲ.

ಬಾಬಾಜಾನ್ ವಾರಕ್ಕೆ ಎರಡು ದಿನ ಬಂದ.
ಮೂರನೇ ದಿನವೂ ಬರತೊಡಗಿದ, ಕೂಲಿ ಬೇಡವೆಂದ.
ಸ್ಕ್ರೂ ಡ್ರೈವರಿನ ಹಿಡಿಯನ್ನು ಕಿವಿಗಿಟ್ಟು
ಸತ್ತ ಇಂಜಿನ್ನಿನ ಎದೆ ಕೇಳುವನು.
"ಇದೆ ಸಾರ್, ಇದೆ."
ಏನಿದೆ ಎಂದು ಹೇಳುತ್ತಿರಲಿಲ್ಲ.

ಹದಿನೆಂಟು ದಿನ ಡೀಸೆಲ್ ಕುಡಿದೂ
ಕದಲದ ಒಂದು ಬೋಲ್ಟು
ಒಂದು ಬೆಳಿಗ್ಗೆ ಕಿರ್ರೆಂದು ಅರ್ಧ ಸುತ್ತು ತಿರುಗಿತು.
ಎದೆ ತುಂಬಿ ಬಂತು. ಯಾರಿಗೆ ಹೇಳಲಿ?
ಹಲ್ಲುಜ್ಜುತ್ತಿದ್ದ ಪಕ್ಕದ ಮನೆ ಕೃಷ್ಣೋಜಿಯನ್ನು
ಕರೆದು ತೋರಿಸಿದೆ.
ಬಗ್ಗಿ ನೋಡಿದ, ನೊರೆ ಉಗಿದ.
"ಬೋಲ್ಟು" ಅಂದ.
ಹೌದು. ಬೋಲ್ಟು.

ಹೊತ್ತಿಕೊಂಡ ದಿನ
ಹೊಗೆ ನೇರ ತಾರಸಿಗೆ ಹೋಗಿ
ಒಗೆದ ಸೀರೆಗಳೆಲ್ಲ ಮಸಿ.
ಮೆಟ್ಟಿಲಿಳಿದು ಬಂದಳು, ಕೈಯಲ್ಲಿ ಒದ್ದೆ ರವಿಕೆ.
ಇಂಜಿನ್ನು ಕೆಮ್ಮಿ ನಿಂತುಹೋಯಿತು.
ನಾನೂ ಬಾಬಾಜಾನೂ ನೆಲ ನೋಡಿದೆವು.
"ಇನ್ನೊಂದು ಸಲ ಹೊಡೀರಿ" ಅಂದಳು.

ಪೇಂಟರ್ ಗಂಗಿರೆಡ್ಡಿ ಹಸಿರು ಹಚ್ಚಿದ,
ಹಿಂದೆ ಎರಡು ನವಿಲು ಬಿಡಿಸಿದ, ಒಂದಕ್ಕೆ ಮೆಳ್ಳೆಗಣ್ಣು.
ಬಾಗಿಲ ಕೆಳಗೆ 'ಖಾಲಿ ತೂಕ' ಎಂದು ಬರೆದು
ನಾಲ್ಕು ಬೆರಳು ಜಾಗ ಬಿಟ್ಟು
"ನಿಮಗೆ ಗೊತ್ತಿಲ್ದೇ ಇರುತ್ತಾ ಸಾರ್" ಅಂದ.
ಗೊತ್ತಿರಲಿಲ್ಲ.

ಹೋದೆವು.
ಈಗ ಅಲ್ಲಿ ಮುಳ್ಳಿಲ್ಲ, ಕೆಂಪು ಅಂಕಿಗಳು.
ನನ್ನ ಕುರ್ಚಿಯಲ್ಲಿ ಶಬೀನಾ ಎಂಬ ಹುಡುಗಿ.
ಕಾಟಾದ ಮೇಲೆ ಹತ್ತಿಸುವಾಗ
ಸ್ಟಿಯರಿಂಗಿಗಿಂತ ಮೊದಲು ನನ್ನ ಮೊಣಕಾಲು ನಡುಗಿತು.
"ಇಳೀರಿ ಅಂಕಲ್, ಖಾಲಿ ಗಾಡಿ ಅಂದ್ರೆ ಯಾರೂ ಇರಬಾರದು."
ಇಳಿದೆ. ಜೋಕು ಬಾಯಿಗೆ ಬಂದು ಹಾಗೇ ಉಳಿಯಿತು.

ಸುಬ್ಬರತ್ನ ಇಳಿಯಲಿಲ್ಲ.
ಎತ್ತರದ ಕ್ಯಾಬಿನ್ನು, ಗಾಜಿನ ಹಿಂದಿನಿಂದ ಕಾಣುವುದಿಲ್ಲ.
ಮಡಿಲಲ್ಲಿ ಟಿಫನ್ ಡಬ್ಬಿ ಇಟ್ಟುಕೊಂಡು
ರೈಲ್ವೆ ಗೇಟಿನ ಕಡೆ ನೋಡುತ್ತ ಕೂತಿದ್ದಳು,
ಎಲ್ಲಿಗೋ ಹೊರಟವಳ ಹಾಗೆ.
ಮೂವತ್ತಾರು ವರ್ಷ ಒಂದು ಕೇಜಿಗೆ ಸುಳ್ಳಾಡದ ನಾನು
ಸುಮ್ಮನಿದ್ದೆ.

ಮೂರು ಸಾವಿರದ ನಾನೂರ ಎಂಬತ್ತು.
ಚೀಟಿಗೆ ದುಡ್ಡು ಕೊಟ್ಟೆ, ಗಾಜಿನ ಈಚೆಯಿಂದ.
ಗಂಗಿರೆಡ್ಡಿ ಬಿಳಿ ಬಣ್ಣದಲ್ಲಿ ಅದನ್ನೇ ಬರೆದ.

ಅವಳ ತೂಕ ನಾನು ಯಾವತ್ತೂ ಕೇಳಿದವನಲ್ಲ,
ಹಾಗಾಗಿ ಕಳೆಯಲು ಬರುವುದಿಲ್ಲ.
ಡಬ್ಬಿಯಲ್ಲಿ ಚಿತ್ರಾನ್ನವಿತ್ತು.
ಅದೂ ಸೇರಿದೆ.