ವೆಲ್ಕ್ರೋ

ಬೆಳಿಗ್ಗೆ ಎಂಟೂವರೆಗೆ ಟೆಗನ್ ಬರುತ್ತಾಳೆ,
ಜೀಲಾಂಗಿನ ಉತ್ತರದಂಚಿನ ನಮ್ಮ ಬಾಡಿಗೆ ಮನೆಗೆ
ಚಕ್ರದ ಪೆಟ್ಟಿಗೆಯಲ್ಲಿ ಜಗತ್ತನ್ನು ಎಳೆದುಕೊಂಡು:
ಲ್ಯಾಮಿನೇಟು ಮಾಡಿದ ಸೇಬು, ನಾಯಿ, ಕಕ್ಕಸು, ನೀರು,
ಅಳುವ ಮುಖ, ನಗುವ ಮುಖ,
ಎಲ್ಲವೂ ಅಂಗೈಯಗಲ.

ಬಾಗಿಲಲ್ಲೇ ಶೂ ಕಳಚುತ್ತಾಳೆ. ನಾನು ಹೇಳಿದ್ದಲ್ಲ.
ಮೊದಲ ವಾರ ಅವನು ಅವಳ ಲೇಸು ಬಿಚ್ಚಿ ಬಿಚ್ಚಿ
ಒಂದೂವರೆ ಗಂಟೆ ಕಳೆದಿದ್ದ.
ಅದೂ ಹಾಳೆಯಲ್ಲಿ ದಾಖಲಾಯಿತು.

ವಾರಕ್ಕೆ ಇಪ್ಪತ್ತೈದು ಗಂಟೆ.
ವೃದ್ಧಾಶ್ರಮದ ರಾತ್ರಿಪಾಳಿ ಮುಗಿಸಿ ಬಂದು
ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕೇಳಿಸಿಕೊಳ್ಳುತ್ತೇನೆ.
ಕಿಟಕಿಯಾಚೆ ರಿಫೈನರಿಯ ಚಿಮಣಿ
ನೆತ್ತಿಗೆ ಬೆಂಕಿ ಹಚ್ಚಿಕೊಂಡು ನಿಂತಿರುತ್ತದೆ.
ಒಳಗೆ,
"ಸುಮುಖ, ಲುಕ್." ಸ್ವಲ್ಪ ಮೌನ. "ಸುಮುಖ, ಲುಕ್."
ಮಗ್ಗಿ ಒಪ್ಪಿಸಿದ ಹಾಗೆ.

ಹೆಸರಿಟ್ಟಿದ್ದು ನಾನೇ, ಒಳ್ಳೆಯ ಮುಖದವನೆಂದು.
ಹಾಳೆಯಲ್ಲಿ ಬರೆದಿದೆ:
ಹೆಸರು ಕರೆದಾಗ ಮುಖ ನೋಡುವುದು, ಹತ್ತಕ್ಕೆ ಎರಡು.
ಆ ಎರಡರಲ್ಲಿ ಒಂದು ಸಲ
ಅವನು ನೋಡಿದ್ದು ಅವಳ ಕಿವಿಯೋಲೆ. ನಾನು ಕಂಡೆ.
ಸುಮ್ಮನಿದ್ದೆ.
ತಾಯಿಯೂ ಒಮ್ಮೊಮ್ಮೆ ಕಾಪಿ ಹೊಡೆಯಲು ಬಿಡುತ್ತಾಳೆ.

ಅವನಿಗೆ ಬೇಕಾದದ್ದು ಸೇಬಲ್ಲ.
ಹಲಗೆಯಿಂದ ಚಿತ್ರ ಕೀಳುವಾಗ ವೆಲ್ಕ್ರೋ
ಚರ್ರ್ ಎನ್ನುತ್ತದಲ್ಲ, ಅದು.
ಸೇಬು ಕಿತ್ತ. ಹೋಳು ಕೊಟ್ಟಳು. ಪಕ್ಕಕ್ಕಿಟ್ಟ.
ನಾಯಿ ಕಿತ್ತ. ಮನೆಯಲ್ಲಿ ನಾಯಿಯಿಲ್ಲ.
ಕಕ್ಕಸು ಕಿತ್ತ; ಇಬ್ಬರೂ ಓಡಿದರು; ಸುಮ್ಮನೆ ಹೋಗಿ ಬಂದರು.
ಟೆಗನ್ ಪೆನ್ನು ಕಚ್ಚಿಕೊಂಡು ಯೋಚಿಸಿದಳು.
ಬರೆದಳು. ಏನು ಬರೆದಳೋ.

ಕೆಟ್ಟವಳಲ್ಲ ಅವಳು.
ಇಪ್ಪತ್ತಮೂರು ವಯಸ್ಸು, ಕೋಲಾಕ್‌ನಿಂದ ರೈಲಿನಲ್ಲಿ ಬರುತ್ತಾಳೆ.
ಅವನು ಕಚ್ಚಿದ ಮುಂಗೈಗೆ ಪ್ಲಾಸ್ಟರು ಹಾಕಿಕೊಂಡು
ಮಾರನೆಯ ದಿನವೂ ಹೊತ್ತಿಗೆ ಸರಿಯಾಗಿ ಬಂದವಳು.
ನನ್ನಿಂದ ಒಂದೇ ಒಂದು ಪದ ಕಲಿತಳು, "ಸಾಕು".
ಅವಳ ಬಾಯಲ್ಲಿ ಅದು "ಸ್ಯಾಕೂ".
ಈಗ ಅವನೂ ಸ್ಯಾಕೂ ಎನ್ನುತ್ತಾನೆ,
ಹಾಲಿಗೆ, ಸ್ನಾನಕ್ಕೆ, ನನಗೆ.
ನನ್ನ ಭಾಷೆ ಕೋಲಾಕ್ ಸುತ್ತಿಕೊಂಡು ನನ್ನ ಮನೆಗೆ ಬಂತು.

ತಿಂಗಳ ಸಭೆ. ಮೇಲ್ವಿಚಾರಕಿ ಮೆಲ್ಬರ್ನಿನಿಂದ, ಪರದೆಯಲ್ಲಿ.
ಗುರಿ ಹನ್ನೊಂದು: ಕೈಗಳು ಸುಮ್ಮನೆ ಮಡಿಲಲ್ಲಿ, ಐದು ನಿಮಿಷ.
ಖುಷಿಯಾದಾಗ ಅವನ ಕೈಗಳು
ತೊಳೆದ ಕೊತ್ತಂಬರಿಕಟ್ಟು ಕೊಡವಿದ ಹಾಗೆ ಅಲುಗುತ್ತವೆ,
ನೀರು ಹಾರುವುದೊಂದು ಬಾಕಿ.
ಕೇಳಬೇಕೆಂದಿದ್ದೆ: ಆ ಐದು ನಿಮಿಷ
ಖುಷಿಯನ್ನು ಅವನು ಎಲ್ಲಿಟ್ಟುಕೊಳ್ಳಬೇಕು?
ನನ್ನ ಇಂಗ್ಲಿಷಿನಲ್ಲಿ ಅದು
"ಈ ಗುರಿ ಬೇಡ, ದಯವಿಟ್ಟು" ಎಂದಷ್ಟೇ ಆಯಿತು.
ಗಂಡ ಮೇಜಿನಡಿ ಕಾಲು ತುಳಿದ.
ಪರದೆ ಹೆಪ್ಪುಗಟ್ಟಿತು, ನೆಟ್‌ವರ್ಕೋ, ಅವರೋ.
ಟೆಗನ್ ಹನ್ನೊಂದರ ಮೇಲೆ ಗೆರೆ ಎಳೆದಳು.
ಪೆನ್ಸಿಲಿನಲ್ಲಿ. ಅಳಿಸಬಹುದಾದ ಗೆರೆ.

ನಿನ್ನೆ ಹಲಗೆಗೆ ನನ್ನ ಫೋಟೋ ಸೇರಿತು.
ಸೇಬು ನಾಯಿಗಳ ನಡುವೆ ನಾನೂ ಅಂಗೈಯಗಲ,
ಪಾಸ್‌ಪೋರ್ಟಿಗೆಂದು, ನಗಬೇಡಿ ಎಂದು ಹೇಳಿ ತೆಗೆದದ್ದು.
ಮಧ್ಯಾಹ್ನ ಟೆಗನ್ ಹೋದ ಮೇಲೆ
ಸೋಫಾದಲ್ಲೇ ತೂಕಡಿಸಿದ್ದೆ, ಯೂನಿಫಾರಂ ಸಮೇತ.
ಚರ್ರ್.
ಕಣ್ಣು ಬಿಟ್ಟರೆ ನನ್ನ ಮೂಗಿನ ಮುಂದೆ ನಾನು.
ಎದ್ದು ಕೂತೆ. "ಏನು ಬೇಕೋ?"
ಅವನು ನನ್ನನ್ನು ಹಲಗೆಗೆ ಒತ್ತಿ ಅಂಟಿಸಿ
ಮತ್ತೆ ಕಿತ್ತ. ಚರ್ರ್.
ಎರಡೂ ಕೈ ಕೊಡವಿಕೊಂಡ, ಮುಖ ಗೋಡೆಯ ಕಡೆಗಿಟ್ಟು.
ನಾನು ಬೇಕಿತ್ತೋ, ನನ್ನನ್ನು ಕೀಳುವ ಸದ್ದೋ,
ಹಾಳೆಯಿದ್ದಿದ್ದರೆ ಯಾವ ಕಲಮ್ಮಿನಲ್ಲಿ ಗುರುತು ಹಾಕುತ್ತಿದ್ದೆ?
ಹಾಳೆ ಆಗಲೇ ಕೋಲಾಕ್ ರೈಲು ಹತ್ತಿತ್ತು.

ಹನ್ನೆರಡು ಸಲ ಕಿತ್ತ. ಎಣಿಸಿದ್ದು ನಾನು,
ನನಗೂ ಚಾಳಿ ಹತ್ತಿದೆ.
ಆಮೇಲೆ ನನ್ನನ್ನು ನನ್ನ ಕೈಗಿಟ್ಟು
"ಸ್ಯಾಕೂ" ಎಂದು
ಸಿಂಕಿನತ್ತ ಹೋದ, ಸ್ಟೂಲು ಎಳೆದುಕೊಂಡ, ನಲ್ಲಿ ತಿರುಗಿಸಿದ.
ನೀರಿನ ಚಿತ್ರ ಹಲಗೆಯಲ್ಲೇ ಇತ್ತು.