ನಿಂತ ಗೋಡೆಯ ಕೆಳಗೆ

ಮರಳ ಮೇಲೊಂದು ಮನೆ, ಬಂಡೆಯ ಮೇಲೊಂದು ಮನೆ.
ಪಾದ್ರಿಗಳು ಪ್ರಸಂಗ ಮುಗಿಸಿದಾಗ
ನಮ್ಮಪ್ಪ ತಿಮೋತೆಪ್ಪ ಗೌಂಡಿ
ಚಪ್ಪಲಿ ಹುಡುಕುತ್ತ ಗೊಣಗಿದ:
'ಭಾಲ್ಕ್ಯಾಗ ಮರಳ ಎಲ್ಲದರಿ? ಎಲ್ಲಾ ಎರಿ.'

ಎರೆಯೆಂದರೆ ಗೊತ್ತಲ್ಲ,
ಮಳೆಗೆ ಹುದುಗಿದ ಹಿಟ್ಟಿನಂತೆ ಉಬ್ಬುತ್ತದೆ,
ಬೇಸಿಗೆಗೆ ಬಾಯಿ ಬಿಡುತ್ತದೆ.
ನನ್ನ ಎಡಗಾಲಿನ ಗೆಜ್ಜೆ
ಇನ್ನೂ ಅದರ ಹೊಟ್ಟೆಯಲ್ಲಿದೆ.
ಅದನ್ನು ದಾಟಿ ಆಳುದ್ದ ಇಳಿದು
ಹಾರೆಯ ಸದ್ದು ಬದಲಾದ ಮೇಲೆ ಮುರುಮು,
ಮುರುಮಿನ ಮೇಲೆ ಬುನಾದಿ.
ಅಸ್ತಿವಾರ ಅನ್ನುವುದು ಪಾದ್ರಿಗಳ ಮಾತು.

ಅಪ್ಪ ಕುಡಿಯುತ್ತಿದ್ದ ಕಾಲದಲ್ಲಿ
ಹಲೀಮಾಬೀಯ ಮನೆಗೆ ಎರಡೇ ಅಡಿ ಅಗೆದ.
ಮಿಕ್ಕ ಅಡಿಗಳ ದುಡ್ಡು ಶೇಂದಿ ಅಂಗಡಿಗೆ ಹೋಯಿತು.
ಗೋಡೆ ನೆಟ್ಟಗೇ ಎದ್ದಿತು, ಗಿಲಾವು ನುಣ್ಣಗಿತ್ತು,
ಹಸಿರು ಬಣ್ಣ ಬಳಿದರು.
ಎರಡನೇ ಮಳೆಗಾಲಕ್ಕೆ
ಮೂಲೆಯಿಂದ ಕಿಟಕಿಯವರೆಗೆ ಒಂದು ಗೆರೆ.

ಆಮೇಲೆ ಅಪ್ಪ ಕುಡಿತ ಬಿಟ್ಟ, ಪ್ರಾರ್ಥನೆ ಹಿಡಿದ,
ಆರಾಧನೆಗೆ ತಬಲಾ ಬಾರಿಸಿದ.
ಎಷ್ಟು ಬದಲಾದ ನೋಡ್ರಿ, ಅಂದರು ಮಂದಿ.
ಹೀಗೇ ಹತ್ತು ವರ್ಷ.
ಒಂದು ರಾತ್ರಿ ತಾಟು ತೊಳೆಯುತ್ತಾ ಅವ್ವ ಕೇಳಿದಳು:
'ಆ ಮನಿಗಿ ಹೋಗಿ ಬಂದ್ರೇನು?'

ಮರುದಿನ ಹೋದ. ಬುಟ್ಟಿ ಹೊತ್ತು ಹಿಂದೆ ನಾನು.

ನಿಂತ ಗೋಡೆಯ ಕೆಳಗೆ ಬುನಾದಿ ಹಾಕುವುದು ಕಂಡಿದ್ದೀರಾ?
ಜಾಲಿಯ ಊರುಗೋಲು ಆನಿಸಿ ಒಂದು ಮೊಳ ಅಗೆಯಬೇಕು,
ಬೀದರಿನ ಕೆಂಪುಕಲ್ಲು ತುಂಬಿ ಏಳು ದಿನ ಬಿಡಬೇಕು,
ಎರಡು ಮೊಳ ದಾಟಿ ಮತ್ತೊಂದು ಮೊಳ.
ಅವಸರ ಮಾಡಿದರೆ ಮನೆ ತಲೆಯ ಮೇಲೆ.
ಮೇಲೆ ಹಲೀಮಾಬೀ ರೊಟ್ಟಿ ಬಡಿಯುತ್ತಿದ್ದಳು,
ಕೆಳಗೆ ಅಪ್ಪ ಬೋರಲಾಗಿ ಕಲ್ಲು ತುರುಕುತ್ತಿದ್ದ.
ಬಡಿತಕ್ಕೊಮ್ಮೆ ಅವನ ಕುತ್ತಿಗೆಗೆ ಮಣ್ಣು ಉದುರುತ್ತಿತ್ತು.
ಅಷ್ಟು ಹೊತ್ತು ಅವನು ಮೊಣಕಾಲೂರಿದ್ದನ್ನು
ನಾನು ಚರ್ಚಿನಲ್ಲೂ ನೋಡಿರಲಿಲ್ಲ.

ನಾಲ್ಕು ತಿಂಗಳು. ಕೂಲಿಯಿಲ್ಲ.
ಕೊನೆಯ ದಿನ ಅವಳು ಬಾಗಿಲಲ್ಲಿ ನಿಂತು:
'ಕಲ್ಲು ಕೊಟ್ಟಿ, ಖರೇ. ಹತ್ತು ಮಳಿಗಾಲ
ಆ ಗ್ವಾಡಿ ಕಡಿ ತಲಿ ಮಾಡಿ ಮಕ್ಕಳಿಗಿ ಮಲಗಸ್ಲಿಲ್ಲ ನಾ.
ಆ ನಿದ್ದಿ ಯಾರ್ ಕೊಡ್ತಾರ?'

ಅಪ್ಪನಲ್ಲಿ ಉತ್ತರವಿರಲಿಲ್ಲ.
ನನಗೂ ಇದುವರೆಗೆ ಸಿಕ್ಕಿಲ್ಲ.
ಕರಣಿ ತೊಳೆಯುವ ಮೊದಲು
ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಚೂರು ಮೆತ್ತಿದ.
ನೆಲ ಸರಿದರೆ ಗಾಜು ಒಡೆಯುತ್ತದೆ.
ಪ್ರತಿ ಮಳೆಗಾಲ ಮುಗಿದ ಮೇಲೆ ಸೈಕಲ್ ತುಳಿದು ಹೋಗಿ
ಅದನ್ನು ನೋಡಿ ಬರುತ್ತಿದ್ದ, ಸಾಯುವ ವರ್ಷದವರೆಗೂ.
ಬಿರುಕು ಹೋಗಲಿಲ್ಲ. ಬೆಳೆಯುವುದು ನಿಂತಿತು.

ಬರುವ ಭಾನುವಾರ ನಾನು ಸಾಕ್ಷಿ ಹೇಳಬೇಕಂತೆ,
ಯಾವ ದಿನ, ಯಾವ ಗಳಿಗೆ
ಕರ್ತನನ್ನು ಕಂಡುಕೊಂಡೆ ಎಂದು.
ನನ್ನ ಗೋಡೆಗಳೆಲ್ಲ ಎದ್ದಾಗಿದೆ:
ಮದುವೆ, ನೌಕರಿ,
ಸಂಡೇಸ್ಕೂಲಿನ ಟೀಚರಮ್ಮ ಎಂಬ ಹೆಸರು.
ಗಿಲಾವು ಬಹಳ ನುಣ್ಣಗಿದೆ.
ಟ್ರಂಕಿನ ತಳದಲ್ಲಿ, ಹಳೇ ಕುಪ್ಪಸದಲ್ಲಿ ಸುತ್ತಿ,
ತಂಗಿ ಪ್ರಿಸಿಲ್ಲಾಳ ಎರಡು ತೊಲಿ ಬಂಗಾರ.
ಒಂಬತ್ತು ವರ್ಷ. ಅವ್ವನ ಆಸ್ಪತ್ರೆಗೆ ಮಾರಿದೆ ಎಂದಿದ್ದೆ.

ನಿನ್ನೆ ಆ ಓಣಿಗೆ ಹೋಗಿದ್ದೆ.
ಹಲೀಮಾಬೀ ಈಗಿಲ್ಲ.
ಮಗ ಗೋಡೆಗೆ ಹೊಸದಾಗಿ ನೀಲಿ ಹೊಡೆಸಿದ್ದಾನೆ,
ಗಾಜಿನ ಸುತ್ತ ಬೆರಳಗಲ ಬಿಟ್ಟು.
'ಅದ್ಕ ಬಣ್ಣ ಹಚ್ಚಬ್ಯಾಡ ಅಂದಿದ್ಳು ಅಮ್ಮಿ.
ಯಾಕಂತ ಗೊತ್ತಿಲ್ಲ.'
ಸೆರಗಿನಿಂದ ಧೂಳು ಒರೆಸಿ ನೋಡಿದೆ,
ಒಂದು ತುದಿಯಿಂದ ಇನ್ನೊಂದು ತುದಿಗೆ,
ಅಪ್ಪ ನೋಡುತ್ತಿದ್ದ ಹಾಗೆ.

ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿಕೊಂಡೆ
ಔರಾದಿನ ಮೊದಲ ಬಸ್ಸು ಎಷ್ಟು ಗಂಟೆಗೆಂದು.
ಪ್ರಿಸಿಲ್ಲಾ ಅಲ್ಲಿರುತ್ತಾಳೆ.