ಕಡೇ ಹಾಳಿ

ಬೆಟಗೇರಿ ದಾವಲಸಾಬನ ರದ್ದಿ ಅಂಗಡ್ಯಾಗ
ಹಳೇ ಪಂಚಾಂಗ, ಹತ್ತನೆತ್ತೆ ಗೈಡುಗಳ ನಡುವ
ಕಾಲರು ಏರಿಸಿಕೊಂಡು ಕುಂತಿದ್ದ
ಪತ್ತೇದಾರ ಕುಮುದಚಂದ್ರ.
ನಾ ಗುರುತು ಹಿಡದೆ. ಅಂವ ಹಿಡೀಲಿಲ್ಲ.
ಅವಗ ಇನ್ನೂ ಮೂವತ್ತೆರಡು, ನನಗ ಅರವತ್ತು.

ಮಾಸಪತ್ರಿಕಿ. ಬೆಲಿ ಎಪ್ಪತ್ತೈದು ಪೈಸೆ.
ಮುಖಪುಟದ ಕೆಂಪು ಬಣ್ಣ ಗೆರಿ ದಾಟಿ
ಸತ್ತಾಕಿ ತುಟಿಯಿಂದ ಗದ್ದಕ್ಕ ಇಳದಿತ್ತು.
ಅಚ್ಚಿನವರ ತಪ್ಪು.
ನಾವು ಅದನ್ನ ರಕ್ತ ಅಂತ ತಿಳದಿದ್ವಿ.

ನಿಂಬಣ್ಣ ಕಾಕಾಗ ಓದಾಕ ಬರ್ತಿರಲಿಲ್ಲ.
ಕುಣಿಮಗ್ಗದಾಗ ಸೊಂಟದಮಟ ಇಳದು ಕುಂತು
"ಹಂ, ಓದು" ಅಂತಿದ್ದ.
ಕಂಡಿಕಿ ಸುತ್ತೂ ಕೆಲಸ ಅಕ್ಕನ ಕೊರಳಿಗೆ ಬಿತ್ತು;
ನಾನು ಹೊಸ್ತಿಲದಾಗ ಕುಂತು ಓದಾಕಿ.
ಕುಮುದಚಂದ್ರ ಪೈಪು ಸೇದಿದ ಅಂದ್ರ
ಲಾಳಿ ನಿಂತ ಬಿಡೂದು:
"ನಳದ ಪೈಪನ್ನ ಹೆಂಗವಾ ಸೇದ್ತಾನ?"
ಓವರ್‌ಕೋಟು ಅಂದ್ರೇನು, ನನಗೂ ಗೊತ್ತಿರಲಿಲ್ಲ.
ಕೋಟಿನ ಮ್ಯಾಲೊಂದು ಕೋಟು ಅಂದೆ.
"ಪಾಪ, ಬ್ಯಾಸಿಗ್ಯಾಗ ಗದಗಕ್ಕ ಬರಬ್ಯಾಡ ಅಂತ ಹೇಳವಗ."

ಚಾಕು ಮ್ಯಾಲೆದ್ದಾಗ ಮಗ್ಗದ ಸಪ್ಪಳ ಸಣ್ಣಾಗೂದು.
ಕೊಲಿ ಆದಲ್ಲೇ ಒಂದು ಎಳಿ ತಪ್ಪಿತು,
ಹಸರು ಸೀರಿ, ದಡಿಯಿಂದ ನಾಕು ಬೆರಳು ಒಳಗ.
ಪುಣೇದಾಗ ಯಾರು ಉಟ್ರೋ ಅದನ್ನ,
ನಿರಿಗ್ಯಾಗ ಒಂದು ಹೆಣ ಮಡಿಚಿಟಗೊಂಡು
ಯಾರ ಮದುವಿಗೆ ಹೋದ್ರೋ.

ಬುಧವಾರ ರಾತ್ರಿ ಒಂಬತ್ತೂವರಿಗೆ ಮಗ್ಗಕ್ಕ ಸೂಟಿ.
ಧಾರವಾಡ ಕೇಂದ್ರದ ನಾಟಕ.
ರೇಡಿಯೋ ಒಂದ, ಓಣಿ ಪೂರ್ತಿ ಕಿವಿ.
ಬಾಗಲಾ ಕಿರ್ರ್ ಅಂದದ್ದ ತಡ
ಫಕೀರವ್ವಾಯಿ ಮೊಮ್ಮಗನ ಕಣ್ಣು ಮುಚ್ಚಿದಳು,
ಕಾಣಾಕ ಏನೂ ಇಲ್ಲದ್ದು ಮರತು.
ಕಾಕಾ ಮಾತ್ರ ತಲಿ ಅಳ್ಳಾಡಿಸಿದ:
"ಬಾಗಲಾ ಅಲ್ಲ ಅದು. ಎಣ್ಣಿ ಕಾಣದ ಕಾಲಮಣಿ."
ನನ್ನ ಕೈಲೆ ಕಾರ್ಡು ಬರಸಿದ.
ಆಕಾಶವಾಣಿಯವರಿಗೆ ನಿಂಬಣ್ಣನ ನಮಸ್ಕಾರ.
ನಾಟಕ ಭಾಳ ಚಲೋ. ಬಾಗಲಕ್ಕ ಎಣ್ಣಿ ಹಾಕ್ರಿ.
ಮುಂದಿನ ಬುಧವಾರ ಬಾಗಲಾ ಸಪ್ಪಳ ಮಾಡಲಿಲ್ಲ.
ಕೊಲೆಗಾರ ಒಳಗ ಬಂದದ್ದು
ಓಣ್ಯಾಗ ಯಾರಿಗೂ ತಿಳೀಲಿಲ್ಲ.
ಒಂದು ವಾರ ಕಾಕಾನ ಕೂಡ
ಯಾರೂ ಮಾತಾಡಲಿಲ್ಲ.

ತಮ್ಮ ಪ್ರಭ್ಯಾಂದು ಚಿತ್ರದ ಕತಿ.
ಗೋಪುರದಿಂದ ಜಿಗಿದ ಮುಸುಕಿನ ವೀರ
ಎಲ್ಲಿ ಇಳದ ಅನ್ನೂ ಚೌಕ ಇಲಿ ತಿಂದಿತ್ತು.
ಅಂವ ನೀಲಿ ಪೆನ್ಸಿಲ್ಲಿನ್ಲೆ ನಮ್ಮ ಮಾಳಿಗಿ ಬರದ,
ಒಣಗಾಕ ಹಾಕಿದ ಬ್ಯಾಡಗಿ ಮೆಣಸಿನಕಾಯಿ ಸಮೇತ.
ಜಗತ್ತು ಉಳಸೂದಕ್ಕಿಂತ ಮದಲ
ವೀರ ಹತ್ತು ಸರೆ ಸೀನಿರಬೇಕು.

ಆದ್ರ ಕುಮುದಚಂದ್ರನ ಕಡೇ ಹಾಳಿ ಇರಲಿಲ್ಲ.
ಮಿರ್ಚಿ ಸುತ್ತಿಕೊಂಡು ಯಾರ ಮನಿಗೆ ಹೋಗಿತ್ತೋ.
ಎಣ್ಣಿ ಕುಡದು ಕನ್ನಡಕದ ಗಾಜಿನಂಗಾಗಿ
ಈ ಮಗ್ಗಲ ಕೊಲೆಗಾರನ ಹೆಸರು,
ಆ ಮಗ್ಗಲ ಕೆಮ್ಮಿನ ಔಷಧದ ಜಾಹೀರಾತು
ಒಂದರ ಮ್ಯಾಲೊಂದು ಕಾಣ್ತಿತ್ತೋ.

"ಹಾಳಿ ಇಲ್ಲ ಕಾಕಾ."
"ಹಾಳಿ ಯಾಕ ಬೇಕು? ನೂಲಿನ ಸಾವ್ಕಾರ."
ಕತಿಯೊಳಗ ಅಂಥಾಂವ ಇಲ್ಲಲಾ ಅಂದೆ.
"ಹಂಗಾರ ತಪ್ಪಿಸಿಕೊಂಡಾನ."

ಇವತ್ತಿನ ಪ್ರತಿಗೆ ಕಡೇ ಹಾಳಿ ಐತಿ.
ದಾವಲಸಾಬ ತೂಗಿ ನೋಡಿ
ಎರಡು ರೂಪಾಯಿ ಕೊಡ್ರಿ ಅಕ್ಕಾರ ಅಂದ.
ಅಂಗಡಿ ಮುಂದ ನಿಂತ ಓದಿದೆ.
ಮನೆತನದ ಡಾಕ್ಟರ್ರು ಕೊಲೆಗಾರ.
ಎಡಗೈ ರೂಢಿ, ಕರವಸ್ತ್ರದ ಅಂಚು,
ಹತ್ತು ನಿಮಿಷ ಹಿಂದ ಸರಿಸಿದ ಗಡಿಯಾರ.
ಕುಮುದಚಂದ್ರ ಎಲ್ಲಾ ಕೂಡಿಸಿ ತೋರಿಸಿ
ಪೈಪು ಹಚ್ಚಿದ.

ಹಂ ಅನ್ನಾಕ ಯಾರೂ ಇರಲಿಲ್ಲ.

ಮತ್ತ ಹಿಂದಕ ತಿರುವಿದೆ.
ಅಡಗಿಯವನ್ನ ಕೇಳ್ಯಾನ. ಡ್ರೈವರನ್ನ ಕೇಳ್ಯಾನ.
ಸತ್ತಾಕಿ ಗಂಡನ್ನ ಎರಡು ಸರೆ ಕೇಳ್ಯಾನ.
ನೂಲಿನ ಸಾವ್ಕಾರನ್ನ ಮಾತ್ರ
ಆ ರಾತ್ರಿ ಎಲ್ಲಿದ್ದಿ ಅಂತ
ಒಂದ ಮಾತು ಕೇಳಿಲ್ಲ.